ಸೀಟಿ ಮಾಸ್ತರನ ಪೆಟ್ಟಿಗೆ

ರಗ್ಬಿ ಕ್ಲಬ್ಬಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಸೀಟಿ ಮಾಸ್ತರ ಎಂದರೆ ಗೇಟಿನ ಕಾವಲುಗಾರನಿಗೂ ಗೊತ್ತು. ಆಟ ಕಲಿಸುವ ಕೋಚು ಬೇರೆ ಇದ್ದ. ಚೆಂಡು ಹೇಗೆ ಹಿಡಿಯಬೇಕು, ಯಾರಿಗೆ ಎಸೆಯಬೇಕು ಎಂಬುದೆಲ್ಲ ಆ ಕೋಚನ ಪಾಲು. ಮಾಸ್ತರನ ಪಾಲಿಗೆ ಬಂದದ್ದು ಆಟಗಾರರ ಮೈ. ಅವರ ಕಾಲು, ಉಸಿರು, ಕುತ್ತಿಗೆ. ಓಡಿಸುವುದು, ಬೀಳಿಸುವುದು, ಬಿದ್ದಲ್ಲಿಂದ ಎಬ್ಬಿಸಿ ಮತ್ತೆ ಓಡಿಸುವುದು. ಚಕ್ರವಿಲ್ಲದ ಕಬ್ಬಿಣದ ಜಾರುಬಂಡಿಗೆ ಮರಳಿನ ಮೂಟೆ ಹೇರಿ ತಳ್ಳಿಸುವುದು. ಒಬ್ಬನ ಬೆನ್ನ ಮೇಲೆ ಇನ್ನೊಬ್ಬನನ್ನು ಹೊರಿಸಿ ಮೈದಾನದ ಆಚೆ ತುದಿಗೆ ಅಟ್ಟುವುದು. ವಾಂತಿ ಮಾಡಿಕೊಂಡವನ ಬೆನ್ನು ಸವರಿ, "ಆಯ್ತಾ? ಈಗ ಹಗುರ ಆದೆ, ಓಡು" ಅನ್ನುವುದು. ಹಿಂದಿನಿಂದ ಅವನಿಗೆ ಹಿಡಿಶಾಪ ಹಾಕದವರಿಲ್ಲ. ಎದುರಿಗೆ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅವನ ಹೆಂಡತಿ ಅದೇ ಕ್ಲಬ್ಬಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಜನ ಕೂರುವ ಮೆಟ್ಟಿಲುಗಳ ಕೆಳಗೆ ಕಿಟಕಿಯಿಲ್ಲದ ಒಂದು ಕೋಣೆ. ಎರಡು ಮೆಷಿನ್ನು, ಒಂದು ಸಿಮೆಂಟಿನ ತೊಟ್ಟಿ. ಮೆಷಿನ್ನಿಗೆ ಹಾಕುವ ಮೊದಲು ಮಣ್ಣನ್ನು ತೊಟ್ಟಿಯಲ್ಲಿ ಕೈಯಾರೆ ಬಿಡಿಸಬೇಕು. ಯಾವ ಜೆರ್ಸಿ ಯಾರದ್ದು ಎಂದು ನಂಬರ್ ನೋಡದೆ ಹೇಳುತ್ತಿದ್ದಳು. ಎಡಭುಜದ ಹೊಲಿಗೆ ಬಿಟ್ಟದ್ದು ನಾಯಕನದು. ಮಣ್ಣೇ ಆಗದೆ ಬರುವುದು ಅಂಚಿನಲ್ಲಿ ಓಡುವ ಶೋಕಿಲಾಲನದು. ತಲೆಗೆ ತಲೆ ಉಜ್ಜಿ ಕಿವಿಯ ರಕ್ತ ಕಾಲರಿಗೆ ಹತ್ತಿದ್ದು ಅವಳ ತಮ್ಮನದು.

ತಮ್ಮನಿಗೆ ಗೂಳಿ ಎಂದು ಅಡ್ಡಹೆಸರು. ಅಮ್ಮ ತೀರಿಕೊಂಡ ಮೇಲೆ ಅಕ್ಕನ ಮನೆ ಸೇರಿದವನು. ಆ ಮನೆಯಲ್ಲಿ ಮಕ್ಕಳಿರಲಿಲ್ಲ. ಮಾಸ್ತರ ಅವನನ್ನು ಕೈಹಿಡಿದು ಮೈದಾನಕ್ಕೆ ಕರೆದುಕೊಂಡು ಹೋದ, ತಿನ್ನಿಸಿದ, ಬಯ್ದ, ಓಡಿಸಿದ. ಎಲುಬು ಕಾಣುತ್ತಿದ್ದವನು ಬಾಗಿಲು ತುಂಬುವ ಹಾಗೆ ಬೆಳೆದ. ಸ್ಕ್ರಮ್ಮಿನಲ್ಲಿ ಮುಂದಿನ ಸಾಲು ಅವನದು. ಸ್ಕ್ರಮ್ ಎಂದರೆ ಎಂಟು ಜನ ತೋಳು ಹೆಣೆದುಕೊಂಡು, ತಲೆ ತಗ್ಗಿಸಿ, ಎದುರಿನ ಎಂಟು ಜನರನ್ನು ತಳ್ಳುವ ಪಟ್ಟು. ಹಿಂದಿನವರ ಭಾರವೆಲ್ಲ ಮುಂದಿನ ಮೂವರ ಕುತ್ತಿಗೆಯ ಮೇಲೆ. ಅದಕ್ಕೇ ಮಾಸ್ತರ ಆ ಮೂವರಿಗೆ ಬೇರೆಯೇ ಕಸರತ್ತು ಮಾಡಿಸುತ್ತಿದ್ದ. ತಲೆಗೆ ಟವೆಲ್ ಸುತ್ತಿ, ತಾನೊಂದು ಕಡೆ ಎಳೆದು, ಅವರು ಇನ್ನೊಂದು ಕಡೆ ಎಳೆಯಬೇಕು. ಮನೆಯಲ್ಲೂ ಊಟಕ್ಕೆ ಮುಂಚೆ ಗೂಳಿಯನ್ನು ಹಿಡಿದು ಕೂರಿಸಿ ಎಳೆಯುತ್ತಿದ್ದ. ತಾಟು ಹಿಡಿದು ಕಾಯುತ್ತಿದ್ದ ಹೆಂಡತಿ, ಇದೇನು ಮನೆಯೋ ಹಗ್ಗಜಗ್ಗಾಟದ ಅಖಾಡವೋ ಎಂದು ಗೊಣಗುತ್ತಿದ್ದಳು. ಮಾಸ್ತರ ಬಿಡುತ್ತಿರಲಿಲ್ಲ. ಕಾಲು ಸೋತವನು ಕುಂಟಬಹುದು, ಉಸಿರು ಸೋತವನು ಸ್ಕ್ರಮ್ಮಿಗೆ ತಲೆ ಕೊಟ್ಟರೆ ಕುತ್ತಿಗೆ ಹೋಗುತ್ತದೆ. ಅವನು ಕಲಿಸಿದ್ದೆಲ್ಲ ಈ ಒಂದು ಮಾತಿನಲ್ಲಿತ್ತು.

ಉಸಿರು ಅಳೆಯಲು ಅವನ ಹತ್ತಿರ ಒಂದು ಪೆಟ್ಟಿಗೆ ಇತ್ತು. ಹಳೆಯ ಕ್ಯಾಸೆಟ್ ಪ್ಲೇಯರ್. ಹಿಡಿ ಮುರಿದು ತಂತಿ ಕಟ್ಟಿದ್ದ. ಮೈದಾನದಲ್ಲಿ ಎರಡು ಸಾಲು ಪ್ಲಾಸ್ಟಿಕ್ ಕೋನ್ ಇಡುತ್ತಿದ್ದ. ಪೆಟ್ಟಿಗೆ ಬೀಪ್ ಅಂದರೆ ಈ ಸಾಲಿನಿಂದ ಓಡಬೇಕು, ಮುಂದಿನ ಬೀಪ್ ಬರುವುದರೊಳಗೆ ಆ ಸಾಲು ಮುಟ್ಟಿ ತಿರುಗಬೇಕು. ಮೊದಮೊದಲು ಮುದುಕರೂ ಓಡಬಹುದು. ಬರುಬರುತ್ತ ಬೀಪುಗಳ ನಡುವಿನ ಹೊತ್ತು ಕಮ್ಮಿಯಾಗುತ್ತದೆ. ಕೊನೆಗೆ ಗಂಡಾಳುಗಳೂ ಹುಲ್ಲಿನ ಮೇಲೆ ಅಂಗಾತ ಬೀಳುತ್ತಾರೆ. ಯಾರು ಎಲ್ಲಿಯವರೆಗೆ ಉಳಿದರೋ ಅದು ಅವರ ಉಸಿರು. ಗೆರೆ ಹಾಕಿಟ್ಟ ಮಟ್ಟ ಮುಟ್ಟದವನಿಗೆ ಪಂದ್ಯವಿಲ್ಲ. ಕಾರ್ಯದರ್ಶಿಯ ಮಗನನ್ನೂ ಅವನು ಹೀಗೇ ಕೂರಿಸಿದ್ದ. ಕೇಳಲು ಬಂದವರಿಗೆ ಒಂದೇ ಉತ್ತರ: "ಪೆಟ್ಟಿಗೆಗೆ ಮುಖ ನೋಡೋಕೆ ಬರಲ್ಲ ಸ್ವಾಮಿ."

ಆ ಕ್ಯಾಸೆಟ್ಟಿನ ಶುರುವಿನಲ್ಲಿ ಓಟವಿಲ್ಲದ ಒಂದು ತುಂಡು ಇತ್ತು. ಒಂದು ಬೀಪ್, ಆಮೇಲೆ ಸರಿಯಾಗಿ ಒಂದು ನಿಮಿಷ ಮೌನ, ಮತ್ತೊಂದು ಬೀಪ್. ಪೆಟ್ಟಿಗೆ ಸರಿಯಾದ ವೇಗದಲ್ಲಿ ತಿರುಗುತ್ತಿದೆಯೇ ಎಂದು ಗಡಿಯಾರ ಹಿಡಿದು ನೋಡಿಕೊಳ್ಳಲಿಕ್ಕೆ. ಮೊದಲ ವರ್ಷಗಳಲ್ಲಿ ಮಾಸ್ತರ ನೋಡಿಕೊಳ್ಳುತ್ತಿದ್ದ. ಆಟಗಾರರು ಬೆಳಗಿನ ಚಳಿಯಲ್ಲಿ ಚಡ್ಡಿ ಹಾಕಿಕೊಂಡು ನಿಂತಿರುತ್ತಿದ್ದರು, ಮೈ ಬಿಸಿ ಆರಿಹೋಗುತ್ತಿತ್ತು, ಗೊಣಗುತ್ತಿದ್ದರು. ಆಮೇಲಾಮೇಲೆ ಆ ತುಂಡನ್ನು ಮುಂದಕ್ಕೆ ಓಡಿಸಿ ನೇರವಾಗಿ ಓಟದಿಂದಲೇ ಹಚ್ಚುತ್ತಿದ್ದ. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ವರ್ಷಗಟ್ಟಲೆ ಸರಿಯಾಗಿದ್ದ ಪೆಟ್ಟಿಗೆಯನ್ನು ದಿನಾ ಅನುಮಾನದಿಂದ ನೋಡುವವರು ಯಾರು?

ಆ ವರ್ಷ ಗೂಳಿಗೆ ಜ್ವರ ಬಂತು. ಬಿಟ್ಟೂಬಿಡದೆ ಕಾಡಿ, ಹೋಗುವಾಗ ಅರ್ಧ ಮೈಯನ್ನೇ ಕೊಂಡುಹೋಯಿತು. ಎದ್ದು ಓಡಾಡುವ ಹೊತ್ತಿಗೆ ಕೊನೆಯ ಪಂದ್ಯ ಹತ್ತಿರ ಬಂದಿತ್ತು. ಆಡಿಯೇ ಆಡುತ್ತೇನೆಂದು ಹಟ ಹಿಡಿದ. ಅಕ್ಕ ಬೇಡವೆಂದಳು. ಗಂಡನಿಗೆ ಹೇಳಿದಳು, ನೀವಾದರೂ ಬೇಡ ಅನ್ನಿ. ಮಾಸ್ತರ ಅಂದ:

"ನಾನು ಬೇಡ ಅನ್ನಲ್ಲ, ಬೇಕು ಅನ್ನಲ್ಲ. ಪೆಟ್ಟಿಗೆ ಹೇಳ್ಲಿ."

ಒಬ್ಬನಿಗೇ ಪರೀಕ್ಷೆ ಇಟ್ಟ. ಅವಳು ಒದ್ದೆ ಕೈಯಲ್ಲೇ ಕೋಣೆಯ ಬಾಗಿಲಿಗೆ ಬಂದು ನಿಂತಳು. ತಮ್ಮ ಸೋಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಗೂಳಿ ಏದುಸಿರು ಬಿಡುತ್ತ ಓಡಿದ. ಮುಖ ಬಿಳಿಚಿಕೊಂಡಿತ್ತು. ಇನ್ನು ಬಿದ್ದ, ಇನ್ನು ಬಿದ್ದ ಅನ್ನುವಷ್ಟರಲ್ಲಿ ಮಟ್ಟ ಮುಟ್ಟಿಬಿಟ್ಟ. ಕೂದಲೆಳೆಯಷ್ಟರಲ್ಲಿ. ಮಾಸ್ತರ ಅವನನ್ನು ತಬ್ಬಿಕೊಂಡು ಎತ್ತಲು ಹೋಗಿ, ಎತ್ತಲಾಗದೆ, ಇಬ್ಬರೂ ಹುಲ್ಲಿನ ಮೇಲೆ ಉರುಳಿ ನಕ್ಕರು. ಅವನು ಹಾಗೆ ನಕ್ಕಿದ್ದನ್ನು ಅವಳು ಆಮೇಲೆ ನೋಡಲಿಲ್ಲ.

ಪಂದ್ಯದ ಎರಡನೆಯ ಅರ್ಧದಲ್ಲಿ ಗೂಳಿಯ ಉಸಿರು ಸೋತಿತು. ಸ್ಕ್ರಮ್ಮಿನಲ್ಲಿ ಅವನಿದ್ದ ಕಡೆ ಕುಸಿಯಿತು. ಒಬ್ಬೊಬ್ಬರೇ ಎದ್ದರು. ಅವನು ಏಳಲಿಲ್ಲ. ಮಾಸ್ತರ ಓಡಿಹೋಗಿ, ಯಾರೂ ಮುಟ್ಟಬೇಡಿ ಎಂದು ಎರಡೂ ಕೈ ಚಾಚಿ ನಿಂತ. ಗೂಳಿ ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತಿದ್ದ. "ಭಾವ, ನನ್ನ ಕಾಲು ಯಾರ ಕೆಳಗಿದೆ?" ಎಂದು ಕೇಳಿದ. ಅವನ ಕಾಲಿನ ಮೇಲೆ ಯಾರೂ ಇರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮುಂದಿನ ಕೋಣೆ ಅವನದಾಯಿತು. ಕಿಟಕಿಯ ಪಕ್ಕ ಮಂಚ. ಕುತ್ತಿಗೆಯಿಂದ ಕೆಳಗೆ ಒಂದು ಕೈಯ ಬೆರಳು ಮಾತ್ರ ಸ್ವಲ್ಪ ಆಡುತ್ತಿತ್ತು. ಮೈ ಹುಣ್ಣಾಗದಂತೆ ಆಗಾಗ ಮಗ್ಗಲು ಬದಲಾಯಿಸಬೇಕು. ಅಕ್ಕ ಒರೆಸುತ್ತಿದ್ದಳು, ತಿನ್ನಿಸುತ್ತಿದ್ದಳು. ಮಾಸ್ತರ ಬೆಳಿಗ್ಗೆ ಎದ್ದವನೇ ಅವನ ಕಾಲು ಎತ್ತಿ ಮಡಚಿ ನೀಡುತ್ತಿದ್ದ. ಮೈದಾನದಲ್ಲಿ ಎಣಿಸುವಂತೆಯೇ ಗಟ್ಟಿಯಾಗಿ ಎಣಿಸುತ್ತಿದ್ದ. ನಡುನಡುವೆ, "ಕಳ್ಳ, ಬೆವರೇ ಬಂದಿಲ್ಲ ನಿಂಗೆ" ಅನ್ನುತ್ತಿದ್ದ. ಗೂಳಿಯೂ ಬಿಡುತ್ತಿರಲಿಲ್ಲ. "ಬೆವರು ನಿಮಗೆ ಬರ್ತಿದೆಯಲ್ಲ ಭಾವ, ಇಬ್ಬರಿಗೂ ಸಾಕು" ಅನ್ನುತ್ತಿದ್ದ.

ಕೇಳಿದವರಿಗೂ ಕೇಳದವರಿಗೂ ಮಾಸ್ತರ ಒಂದೇ ಮಾತು ಹೇಳುತ್ತಿದ್ದ. ತರಕಾರಿಯವನಿಗೆ, ಬಸ್ಸಿನ ಕಂಡಕ್ಟರಿಗೆ, ಔಷಧಿ ಅಂಗಡಿಯವನಿಗೆ. ಅವನು ಪಾಸಾಗಿದ್ದ. ನಾನೇ ನಿಂತು ನೋಡಿದ್ದೇನೆ. ಒಂದು ಬೀಪೂ ಬಿಟ್ಟುಕೊಟ್ಟಿಲ್ಲ. ಆಟದಲ್ಲಿ ಆಗುತ್ತದೆ, ಏನು ಮಾಡಲಿಕ್ಕಾಗುತ್ತದೆ. ಹೆಂಡತಿಗೆ ತಿಳಿದಿತ್ತು. ಅವನು ನೆಟ್ಟಗೆ ನಿಂತಿದ್ದೇ ಆ ಒಂದು ಮಾತಿನ ಮೇಲೆ. ಅದನ್ನು ಯಾರಾದರೂ ಎಳೆದರೆ ಮುಗಿಯಿತು.

ಆಟದ ಕಾಲ ಮುಗಿದಿದ್ದರಿಂದ ಪೆಟ್ಟಿಗೆ ಮನೆಯಲ್ಲಿತ್ತು. ಒಂದು ಮಧ್ಯಾಹ್ನ, ಗೂಳಿಗೆ ಹೊತ್ತು ಹೋಗಲೆಂದು ಅವಳು ಟ್ರಂಕಿನಿಂದ ಅಮ್ಮನ ಕ್ಯಾಸೆಟ್ ಹುಡುಕಿ ತೆಗೆದಳು. ಅಮ್ಮ ಬದುಕಿದ್ದಾಗ ಪಕ್ಕದ ಮನೆಯವರ ಟೇಪಿನಲ್ಲಿ ದನಿ ತುಂಬಿಸಿಕೊಂಡಿದ್ದು. ಅಮ್ಮ ಹಾಡಲು ಕೂತು, ಅರ್ಧಕ್ಕೆ ನಿಲ್ಲಿಸಿ, ಮೂಗು ಒರೆಸಿಕೊಳ್ಳೋ ಎಂದು ಗೂಳಿಯನ್ನು ಬಯ್ಯುವುದೂ ಅದರಲ್ಲಿತ್ತು. ಅದನ್ನು ಕೇಳಿಸಿದರೆ ನಗುತ್ತಾನೆ ಅಂದುಕೊಂಡಳು.

ದನಿ ದಪ್ಪಗೆ ಬಂತು. ಎಳೆದು ಎಳೆದು, ಗಂಡಸು ಹಾಡಿದ ಹಾಗೆ.

ಗೂಳಿ ನಕ್ಕ. "ಅಕ್ಕ, ಅಮ್ಮನಿಗೆ ಮೀಸೆ ಬಂದಿದೆ."

ಅವಳೂ ನಕ್ಕಳು. ಕ್ಯಾಸೆಟ್ಟಿಗೆ ವಯಸ್ಸಾಯಿತು ಅಂದಳು. ಅಷ್ಟರಲ್ಲಿ ಅವನ ನಗು ನಿಂತಿತ್ತು. ಕಣ್ಣು ಪೆಟ್ಟಿಗೆಯ ಮೇಲೆ ನೆಟ್ಟಿತ್ತು.

"ಭಾವನ ಕ್ಯಾಸೆಟ್ ಹಾಕು," ಅಂದ. "ಮೊದಲಿಂದ. ಪೂರಾ ಮೊದಲಿಂದ."

ಹಾಕಿದಳು. ಒಂದು ಬೀಪ್ ಬಂತು. ಗೋಡೆಯ ಗಡಿಯಾರ ನೋಡು ಅಂದ. ಸೆಕೆಂಡಿನ ಮುಳ್ಳು ಟಿಕ್ ಟಿಕ್ ಎಂದು ಒಂದು ಸುತ್ತು ಬಂತು. ಸುತ್ತು ಮುಗಿಯಿತು. ಬೀಪ್ ಬರಲಿಲ್ಲ. ಮುಳ್ಳು ಇನ್ನೂ ಮುಂದಕ್ಕೆ ಹೋಯಿತು. ಆಮೇಲೆ ಬಂತು.

ಅವಳಿಗೆ ಓಟದ ಲೆಕ್ಕ ಗೊತ್ತಿರಲಿಲ್ಲ. ಆದರೆ ಇಷ್ಟು ವರ್ಷ ಮೈದಾನದ ಪಕ್ಕ ಬಟ್ಟೆ ಒಗೆದವಳು. ತಡವಾಗಿ ಬರುವ ಬೀಪಿಗೆ ಯಾರು ಬೇಕಾದರೂ ಓಡಿ ಮುಟ್ಟುತ್ತಾರೆ ಎಂಬಷ್ಟು ತಿಳಿಯಿತು. ಪೆಟ್ಟಿಗೆ ಆರಿಸಿ, ಮಂಚದ ಕಾಲಿನ ಹತ್ತಿರ ಹಾಗೇ ಕುಸಿದು ಕೂತಳು.

"ನೀನು ಪಾಸಾಗಿರಲಿಲ್ಲ ಕಣೋ," ಅಂದಳು.

"ಭಾವನಿಗೆ ಹೇಳ್ಬೇಡ."

"ನಿನ್ನ ಕುತ್ತಿಗೆ..."

"ನನ್ನದು ಹೋಯ್ತಲ್ಲ. ಅವರ ಕುತ್ತಿಗೆಯಾದ್ರೂ ನೆಟ್ಟಗಿರಲಿ."

ಮಾರನೆಯ ದಿನ ಪೆಟ್ಟಿಗೆಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ರೇಡಿಯೋ ರಿಪೇರಿಯವನ ಹತ್ತಿರ ಹೋದಳು. ಅವನು ಹಿಂದಿನ ಮುಚ್ಚಳ ಬಿಚ್ಚಿ ಒಳಗಿನಿಂದ ಒಂದು ರಬ್ಬರು ಎಳೆದು ತೋರಿಸಿದ. ಕೂದಲಿಗೆ ಹಾಕುವ ರಬ್ಬರಿನಷ್ಟು ತೆಳ್ಳಗೆ. ಸಡಿಲ ಬಿದ್ದಿದೆ, ಚಕ್ರವನ್ನು ಸರಿಯಾಗಿ ಹಿಡಿಯುತ್ತಿಲ್ಲ, ಒಂದು ದಿನದಲ್ಲಿ ಆಗಿದ್ದಲ್ಲ, ನಿಧಾನಕ್ಕೆ ಜಗ್ಗುತ್ತ ಬಂದಿದೆ ಅಂದ. ಟೀ ಕುಡಿಯುವಷ್ಟರಲ್ಲಿ ಹೊಸದು ಹಾಕಿಕೊಡುತ್ತೇನೆ ಅಂದ.

ಅವಳು ಆ ರಬ್ಬರನ್ನೇ ನೋಡುತ್ತ ನಿಂತಳು. ಸರಿ ಮಾಡಿಸಿದರೆ ಬೀಪುಗಳು ಬೇಗ ಬರುತ್ತವೆ. ಆಟಗಾರರೆಲ್ಲ ಮೊದಲೇ ಬೀಳುತ್ತಾರೆ. ಗಂಡನಿಗೆ ಗೊತ್ತಾಗುತ್ತದೆ. ಹಳೆಯದನ್ನೇ ಹಾಕಿಕೊಡಿ ಅಂದಳು. ಅವನು ಅವಳ ಮುಖ ನೋಡಿ, ನಿಮ್ಮಿಷ್ಟ ಅಂದ.

ಹೀಗೆ ಅಕ್ಕ ತಮ್ಮ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಮಾಸ್ತರ ಎದುರಿಗೆ ಬಂದರೆ ಇಬ್ಬರೂ ಜಾಸ್ತಿ ಮಾತಾಡುತ್ತಿದ್ದರು. ಅವನು ಪಾಸಾಗಿದ್ದ ಎಂದು ಮಾಸ್ತರ ಹೇಳಿದಾಗಲೆಲ್ಲ ಗೂಳಿ, ಹೌದು ಭಾವ, ಚೆನ್ನಾಗೇ ಓಡಿದ್ದೆ ಅನ್ನುತ್ತಿದ್ದ. ಅವಳು ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು.

ಆಟದ ಕಾಲ ಮತ್ತೆ ಬಂತು. ಮಾಸ್ತರ ಕೋನುಗಳನ್ನು ತೊಳೆದು ಒಣಗಿಸಿದ. ಜಾರುಬಂಡಿಯ ತುಕ್ಕು ಉಜ್ಜಿದ. ವಾರ ಕಳೆದರೆ ಪರೀಕ್ಷೆ. ಅಭ್ಯಾಸದ ಬಟ್ಟೆ ತೊಟ್ಟಿಗೆ ಬೀಳತೊಡಗಿತು. ಒಂದು ದಿನ ಮಣ್ಣು ಬಿಡಿಸುತ್ತಿದ್ದಾಗ ಒಂದು ಜೆರ್ಸಿಯ ಕಾಲರಿನಲ್ಲಿ ರಕ್ತ ಕಂಡಿತು. ಕಿವಿಯ ರಕ್ತ. ಅವಳ ಕೈ ನಿಂತಿತು. ಗೂಳಿಯ ಜಾಗಕ್ಕೆ ಬಂದವನದು. ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಅವನು ಮೊನ್ನೆ ತಾನೇ ಬಾಗಿಲಲ್ಲಿ ಇಣುಕಿ, "ಅತ್ತಿಗೆ, ಈ ಸಲ ನಂಗೂ ನಿಮ್ಮ ಕೈಯಲ್ಲಿ ಜೆರ್ಸಿ ಒಗೆಸಿಕೊಳ್ಳೋ ಭಾಗ್ಯ" ಎಂದು ಹಲ್ಲು ಕಿರಿದು ಹೋಗಿದ್ದ. ಅವನೂ ಆ ಪೆಟ್ಟಿಗೆಗೇ ಓಡುವವನು. ಅವನ ಕುತ್ತಿಗೆಯನ್ನೂ ಆ ಸಡಿಲ ರಬ್ಬರೇ ಅಳೆಯುವುದು.

ರಕ್ತ ತಿಕ್ಕಿದಳು. ಹೋಗಲಿಲ್ಲ. ಇನ್ನೂ ತಿಕ್ಕಿದಳು.

ಪರೀಕ್ಷೆಯ ಮುನ್ನಾದಿನ ಮಾಸ್ತರ ಪೆಟ್ಟಿಗೆಯನ್ನು ಅವಳ ಕೋಣೆಯಲ್ಲಿಟ್ಟು ಮೈದಾನದಲ್ಲಿ ಗೆರೆ ಎಳೆಯಲು ಹೋದ. ಅವಳು ಅದನ್ನೆತ್ತಿ ತುಂಬಿದ ತೊಟ್ಟಿಗೆ ಹಾಕಿದಳು. ಅದು ಮುಳುಗಿತು, ಗುಳ್ಳೆ ಬಂದವು. ಗುಳ್ಳೆ ನಿಂತ ಮೇಲೆ ಗಂಡನನ್ನು ಕೂಗಿ, ಕೈ ಜಾರಿತು ಅಂದಳು.

ಬಯ್ಯುತ್ತಾನೆ ಅಂದುಕೊಂಡಿದ್ದಳು. ಬಯ್ಯಲಿಲ್ಲ. "ಮುದಿ ಪೆಟ್ಟಿಗೆ, ಹೋಗ್ಲಿ ಬಿಡೇ" ಅಂದ. ಆದರೂ ಮನೆಗೆ ತಂದು ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲಿಗಿಟ್ಟ. ಬಿಸಾಕಲು ಮನಸ್ಸು ಬರಲಿಲ್ಲ.

ಕ್ಲಬ್ಬಿನವರು ಸ್ಪೀಕರ್ ಕೊಟ್ಟರು. ಬೀಪು ಫೋನಿನಲ್ಲೇ ಸಿಕ್ಕಿತು. ಗಂಡನಿಗೆ ಹೇಗೂ ಗೊತ್ತಾಗಬಹುದು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ರಜೆಯಲ್ಲಿ ತಿಂದು ಮಲಗಿದವರು, ಅದಕ್ಕೇ ಬಿದ್ದರು ಎಂದು ತಿಳಿದುಕೊಳ್ಳಲಿ ಎಂದು ಬೇಡಿಕೊಂಡಳು. ಮೊದಲು ಹಾಗೇ ಆಯಿತು. ಒಬ್ಬೊಬ್ಬರೇ ಬೀಳತೊಡಗಿದಾಗ ಮಾಸ್ತರ ರೇಗಿದ. ಹಂದಿಗಳ ಹಾಗೆ ತಿಂದಿದ್ದೀರಿ ಅಂದ. ಆಮೇಲೆ ನಾಯಕ ಬಿದ್ದ. ಅವನು ರಜೆಯಲ್ಲೂ ದಿನಾ ಗುಡ್ಡ ಹತ್ತುವವನು. ಶೋಕಿಲಾಲ ಬಿದ್ದ. ಗೂಳಿಯ ಜಾಗದವನು ಬಿದ್ದ. ಸೋಮಾರಿಯೂ ಕಸುವಿನವನೂ ಪ್ರತಿಯೊಬ್ಬರೂ ತಂತಮ್ಮ ಹಳೆಯ ಮಟ್ಟಕ್ಕಿಂತ ಅಷ್ಟಷ್ಟೇ ಕೆಳಗೆ.

ಮಾಸ್ತರನ ಸೀಟಿ ಬಾಯಿಂದ ಕೆಳಗೆ ಬಿತ್ತು. ಆಟಗಾರರು ನಕ್ಕರು. ಅವನು ಅದನ್ನು ಹೆಕ್ಕಿಕೊಳ್ಳಲಿಲ್ಲ. ತೊಟ್ಟಿಯ ಕೋಣೆಯ ಕಡೆ ತಿರುಗಿ ನೋಡಿದ. ಅವಳು ಬಾಗಿಲಲ್ಲಿ ನಿಂತಿದ್ದಳು.

ಅವಳು ಮನೆಗೆ ಬರುವಷ್ಟರಲ್ಲಿ ಅವನು ಕಿಟಕಿಯ ಹತ್ತಿರ ಕೂತು ಪೆಟ್ಟಿಗೆ ಬಿಚ್ಚಿದ್ದ. ರಬ್ಬರು ಅವನ ಬೆರಳಿನಿಂದ ನೇತಾಡುತ್ತಿತ್ತು.

"ಗೊತ್ತಿತ್ತಾ?"

"ಹ್ಞೂಂ."

"ಅವನಿಗೆ?"

ಮುಂದಿನ ಕೋಣೆಯಿಂದ ಗೂಳಿಯೇ ಹೇಳಿದ, "ನಂಗೂ ಗೊತ್ತಿತ್ತು ಭಾವ. ಓಡಿದ್ದು ನಾನು. ಹಟ ಮಾಡಿದ್ದು ನಾನು."

ಮಾಸ್ತರ ಎದ್ದು ಅವನ ಹತ್ತಿರ ಹೋಗಲಿಲ್ಲ. ಬಾಗಿಲ ತನಕ ಹೋಗಿ ನಿಂತ. ಇಷ್ಟು ದಿನ ನಾನು ಊರಿಗೆಲ್ಲ ಹೇಳುತ್ತಿದ್ದಾಗ ನೀವಿಬ್ಬರೂ ಕೇಳಿಸಿಕೊಳ್ಳುತ್ತಿದ್ದಿರಿ ಅಂದ. ಅಷ್ಟೇ ಅಂದದ್ದು. ಅವಳು ಬಚ್ಚಿಟ್ಟದ್ದು ಅವನನ್ನು ಉಳಿಸಲು. ಆ ಬಚ್ಚಿಟ್ಟದ್ದೇ ಅವನಿಗೆ ಉಳಿದಿದ್ದ ಮನೆಯವರ ಆಸರೆಯನ್ನೂ ಕಡಿಯಿತು.

ಕ್ಲಬ್ಬಿಗೆ ಹೋಗಿ ಎಲ್ಲರೆದುರು ನಡೆದದ್ದನ್ನು ಹೇಳಿದ. ಯಾರೂ ಬಯ್ಯಲಿಲ್ಲ. ನಾಯಕ ಅತ್ತ. ಕಾರ್ಯದರ್ಶಿ, ಆದದ್ದಾಯಿತು, ಕೆಲಸ ಬಿಡಬೇಡಿ ಅಂದ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಸೀಟಿಯನ್ನು ಮೇಜಿನ ಮೇಲಿಟ್ಟು ಬಂದ.

ಮನೆಯಲ್ಲಿ ಗೂಳಿಯ ಕಾಲು ಮಡಚುವುದನ್ನು ಬಿಡಲಿಲ್ಲ. ಆದರೆ ಎಣಿಸುವುದು ಬಿಟ್ಟ. ಮುಖ ನೋಡುವುದು ಬಿಟ್ಟ. ಗೂಳಿ ಏನಾದರೂ ತಮಾಷೆ ಮಾಡಿದರೆ ಇನ್ನೊಂದು ಕಾಲಿನ ಕಡೆ ತಿರುಗಿಬಿಡುತ್ತಿದ್ದ. ಕಡೆಗೆ ಗೂಳಿಯೂ ತಮಾಷೆ ಬಿಟ್ಟ.

ಬೆಳಿಗ್ಗೆ ಬೇಗ ಎದ್ದು ಹೋಗುವುದು ಶುರುವಾಯಿತು. ಗಾಳಿಗೆ ಹೋಗುತ್ತೇನೆ ಅನ್ನುತ್ತಿದ್ದ. ಅವಳು ಕಾವಲುಗಾರನಿಂದ ತಿಳಿದುಕೊಂಡಳು. ಖಾಲಿ ಮೈದಾನದಲ್ಲಿ ಎರಡು ಸಾಲು ಕೋನ್ ಇಟ್ಟು, ಆ ಸ್ಪೀಕರಿನ ಬೀಪಿಗೆ ಒಬ್ಬನೇ ಓಡುತ್ತಾನೆ. ಸೋತು ಬೀಳುವವರೆಗೆ ಓಡುತ್ತಾನೆ, ಎದ್ದು ಮತ್ತೆ ಮೊದಲಿಂದ ಹಚ್ಚುತ್ತಾನೆ. ವಯಸ್ಸಾದ ಮೈ, ಹೀಗೆಲ್ಲ ಬೇಡ ಎಂದು ಅವಳು ಗೋಗರೆದಳು. ಸರಿಯಾದ ಬೀಪಿಗೆ ಗೂಳಿ ಎಲ್ಲಿ ಬೀಳುತ್ತಿದ್ದ ಎಂದು ನೋಡಬೇಕು ಅಂದ. ನೋಡಿ ಏನು ಮಾಡುತ್ತೀರಿ ಎಂದು ಕೇಳಿದಳು. ಅವನು ಬೂಟಿನ ಲೇಸು ಬಿಗಿದುಕೊಂಡು ಹೊರಟ.

ಒಂದು ಬೆಳಿಗ್ಗೆ ಕಾವಲುಗಾರ ಮನೆಗೆ ಓಡಿಬಂದ. ಅವಳು ಚಪ್ಪಲಿ ಮೆಟ್ಟದೆ ಹೋದಳು. ಅವನು ಎರಡು ಸಾಲುಗಳ ನಡುವೆ ಬೋರಲು ಬಿದ್ದಿದ್ದ. ಸಾಲು ಮುಟ್ಟಿರಲಿಲ್ಲ. ಮೈ ಆಗಲೇ ತಣ್ಣಗಾಗುತ್ತಿತ್ತು. ಸ್ಪೀಕರ್ ಇನ್ನೂ ಕೂಗುತ್ತಿತ್ತು. ಬೀಪುಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು, ಯಾವ ಮನುಷ್ಯನೂ ಮುಟ್ಟಲಾರದಷ್ಟು ಬೇಗ. ಅದನ್ನು ಆರಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಅದು ತಾನಾಗಿ ನಿಲ್ಲುವವರೆಗೆ ಕೂತಿದ್ದಳು.

ಆಟಗಾರರೇ ಹೆಗಲು ಕೊಟ್ಟರು. ಅವನು ಕಲಿಸಿದ ಹಾಗೆ ಭಾರ ಹೊತ್ತು ಎಲ್ಲೂ ನಿಲ್ಲದೆ ನಡೆದರು. ಗೂಳಿಯ ಮಂಚವನ್ನು ಬಾಗಿಲವರೆಗೆ ಎಳೆದಿದ್ದರು. ಅವನಿಗೆ ಕಂಡದ್ದು ಬೀದಿಯ ತಿರುವಿನ ತನಕ.

ಅವಳು ಈಗಲೂ ಕ್ಲಬ್ಬಿನಲ್ಲಿ ಬಟ್ಟೆ ಒಗೆಯುತ್ತಾಳೆ. ಬೆಳಿಗ್ಗೆ ಹೋಗುವ ಮೊದಲು ತಮ್ಮನ ಕಾಲು ಎತ್ತಿ ಮಡಚಿ ನೀಡುತ್ತಾಳೆ, ಗಂಡ ಮಾಡುತ್ತಿದ್ದ ಹಾಗೆ. ಅವನ ಕೈಯಷ್ಟು ಬಲ ಅವಳ ಕೈಗಿಲ್ಲ. ಕಾಲು ದಿನದಿನಕ್ಕೆ ಸಣ್ಣಗಾಗುತ್ತಿದೆ. ಇದರಿಂದ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಒಬ್ಬರಿಗೊಬ್ಬರು ಹೇಳುವುದಿಲ್ಲ.